ಕೆರೆನೀರಿನ ಜೀವಿಗೆ ದುಡ್ಡೇಕೆ ಎಂದವರಿಗೆ

ಪತ್ರ: ಕಳೆದ ಸಂಚಿಕೆಯಲ್ಲಿ ಕೆರೆನೀರಿನ ಯಾವುದೋ ಏಕಕೋಶ ಜೀವಿಯ ಸಂಶೋಧನೆಯನ್ನು ಹಾಡಿ ಹೊಗಳಿದ್ದೀರಿ. ನನ್ನ ತಂಗಿಗೆ ಕ್ಯಾನ್ಸರ್. ಇಂಥದ್ದಕ್ಕೆ ಸುರಿಯುವ ಹಣವನ್ನು ಆಸ್ಪತ್ರೆಗೆ ಕೊಡಬಾರದೆ? — ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ನಿಮ್ಮ ತಂಗಿ ಬೇಗ ಗುಣವಾಗಲಿ. ಆಸ್ಪತ್ರೆಗೆ ಹಣ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಕೊಡುವ ಔಷಧಿ ಎಲ್ಲಿ ಹುಟ್ಟಿತೆಂದು ನೀವು ಕೇಳಲೇ ಇಲ್ಲವಲ್ಲ!

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಡಿಎನ್ಎ, ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿದೆ. ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ತುಣುಕು ಅಂಟಿದರೆ ಸುತ್ತು ಸಡಿಲವಾಗಿ ಜೀನ್ ಕೆಲಸಕ್ಕಿಳಿಯುತ್ತದೆ, ಕಿತ್ತರೆ ಸುಮ್ಮನಾಗುತ್ತದೆ. ಕೋಶದ ಬೆಳವಣಿಗೆಗೆ ಲಗಾಮು ಹಾಕುವ ಜೀನೇ ಹೀಗೆ ಸುಮ್ಮನಾದರೆ, ಅದರ ಒಂದಕ್ಷರವೂ ಕೆಡದೆ ಕ್ಯಾನ್ಸರಿಗೆ ದಾರಿಯಾಗುತ್ತದೆ.

ಹಿಸ್ಟೋನನ್ನು 1884ರಲ್ಲಿ ಆಲ್ಬ್ರೆಕ್ಟ್ ಕಾಸೆಲ್ ಕಂಡದ್ದು ಹೆಬ್ಬಾತಿನ ರಕ್ತದಲ್ಲಿ. ಅಸಿಟೈಲ್ ಅಂಟಿಸುವ ಕಿಣ್ವವನ್ನು 1996ರಲ್ಲಿ ಡೇವಿಡ್ ಆಲಿಸ್ ತಂಡ ಗುರುತಿಸಿದ್ದು ನೀವು ಮೂಗು ಮುರಿದ ಅದೇ ಏಕಕೋಶ ಜೀವಿ ಟೆಟ್ರಾಹೈಮಿನಾದಲ್ಲಿ. ಅದೇ ಏಕೆ? ಅದರ ಒಂದೇ ಕೋಶದಲ್ಲಿ ಎರಡು ಕೋಶಕೇಂದ್ರಗಳಿವೆ. ದೊಡ್ಡದರಲ್ಲಿ ಜೀನುಗಳು ಸದಾ ದುಡಿಯುತ್ತವೆ, ಅಲ್ಲಿನ ಹಿಸ್ಟೋನಿಗೆ ಅಸಿಟೈಲ್ ಅಂಟಿರುತ್ತದೆ, ಚಿಕ್ಕದು ಮೌನ. ಹುಡುಕುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ? ಸಿಕ್ಕ ಕಿಣ್ವವೋ, ಯೀಸ್ಟಿನಲ್ಲಿ ಜೀನುಗಳನ್ನು ಎಬ್ಬಿಸುತ್ತದೆಂದು ಮೊದಲೇ ಗೊತ್ತಿದ್ದ ಪ್ರೋಟೀನಿನ ಸೋದರ!

ಅಸಿಟೈಲ್ ಕೀಳುವ ಕಿಣ್ವವನ್ನು ತಡೆಯುವ ವೊರಿನೊಸ್ಟಾಟ್ ಎಂಬ ಔಷಧಿಗೆ 2006ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು, ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಲಿಂಫೋಮಾಕ್ಕೆ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರಿಗೆ. ಅದರ ಬೇರು 1971ರಲ್ಲಿದೆ: ಷಾರ್ಲಟ್ ಫ್ರೆಂಡ್ ಇಲಿಯ ರಕ್ತಕ್ಯಾನ್ಸರ್ ಕೋಶಗಳಿಗೆ ಡಿಎಂಎಸ್ಒ ಎಂಬ ದ್ರಾವಕ ಬೆರೆಸಿದಾಗ, ಅವು ಬಲಿಯುವ ಕೆಂಪು ರಕ್ತಕಣಗಳಂತೆ ಹಿಮೋಗ್ಲೋಬಿನ್ ತಯಾರಿಸತೊಡಗಿದವು. ಅದು ಯಾಕೆ ಹಾಗಾಯಿತೆಂದು ಬೆನ್ನುಹತ್ತಿದವರಿಂದ ಈ ಔಷಧಿ ಬಂತು. ಇದು ಎಲ್ಲ ಕ್ಯಾನ್ಸರಿಗೂ ಮದ್ದಲ್ಲ, ನಿಜ. 2012ರಲ್ಲಿ ಮಕ್ಕಳ ಮಿದುಳುಕಾಂಡದ ಗಡ್ಡೆಗಳಲ್ಲಿ ಹಿಸ್ಟೋನೇ ಕೆಟ್ಟಿರುವುದು, ಅದರ 27ನೇ ಜಾಗದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಹೋಗಿ ಮಿಥಿಯೊನೀನ್ ಎಂಬ ಇನ್ನೊಂದು ಬಂದಿರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸಕರೂ ಪೂರ್ತಿ ತೆಗೆಯಲಾಗದ ಗಡ್ಡೆಯದು. ಅದಕ್ಕೆ ಉಪಾಯ ಹುಡುಕುವವರು ಹಿಸ್ಟೋನಿನ ಪಾಠದಿಂದಲೇ ಶುರುಮಾಡಬೇಕು.

ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ. "ಇದರಿಂದೇನು ಉಪಯೋಗ?" ಎಂದು ಮಕ್ಕಳ ಬಾಯಿ ಮುಚ್ಚಿಸುವ ನಮ್ಮ ಅಭ್ಯಾಸದ ಮೇಲೆ. ನಾನು ಭಾಷಣಕ್ಕೆ ಹೋಗಿದ್ದ ಕಾಲೇಜೊಂದರಲ್ಲಿ ಮೈಕ್ರೋಸ್ಕೋಪುಗಳೆಲ್ಲ ಬೀರುವಿನೊಳಗೆ, ಬೀರುವಿಗೆ ಬೀಗ. ಪ್ರಾಯೋಗಿಕ ಪರೀಕ್ಷೆಯ ದಿನ ಮಾತ್ರ ತೆಗೆಯುತ್ತಾರಂತೆ! ಅಲ್ಲಿನ ವಿದ್ಯಾರ್ಥಿಗಳು ಕೆರೆನೀರಿನ ಒಂದು ಹನಿಯನ್ನೂ ನೋಡದೆ ಪದವಿ ಪಡೆಯುತ್ತಾರೆ. ನಿಮ್ಮೂರಿನ ಕಾಲೇಜಿನಲ್ಲೂ ಹೀಗಿದೆಯೇ, ಒಮ್ಮೆ ವಿಚಾರಿಸಿ ಬರೆಯಿರಿ. ಆ ಪತ್ರವನ್ನು ಮೊದಲ ಪುಟದಲ್ಲೇ ಹಾಕುತ್ತೇನೆ.