ಹೊಲಕ್ಕೆ ಬಂದು ನೋಡಿದವರ ಮಾತು ಕೇಳಿ

ಪ್ರಶ್ನೆ: ನಮಗೆ ಐದು ಎಕರೆ ಜಮೀನಿದೆ. ಅಪ್ಪನ ಕಾಲದಿಂದ ಗೊಬ್ಬರ, ಔಷಧಿ ಹಾಕಿಯೇ ಬೆಳೆ ತೆಗೆಯುತ್ತಿದ್ದೇವೆ. ಪರಿಸರಕ್ಕೆ ಹೊಂದುವ ಬೇಸಾಯಕ್ಕೆ ಬರಬೇಕು ಅಂತ ಆಸೆ. ಆದರೆ ಒಬ್ಬರು ಉಳಲೇಬೇಡಿ ಅನ್ನುತ್ತಾರೆ, ಇನ್ನೊಬ್ಬರು ಹಸಿರೆಲೆ ಗೊಬ್ಬರ ಹಾಕಿ ಉಳುಮೆ ಮಾಡಿ ಅನ್ನುತ್ತಾರೆ. ಮೊಬೈಲ್ ತೆರೆದರೆ ದಿನಕ್ಕೊಂದು ವಿಡಿಯೊ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಹೊಲಕ್ಕೆ ಬಂದು, ಬಗ್ಗಿ, ಮಣ್ಣು ಕೈಯಲ್ಲಿ ಹಿಡಿದು ನೋಡಿದವರ ಮಾತು ಮೊದಲು ಕೇಳಿ. ಉಳಿದವರದ್ದು ಆಮೇಲೆ. ನಿಮಗೆ ಹೇಳಿದ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರವರ ಮಣ್ಣಿಗೆ, ಮಳೆಗೆ ಅದು ಸರಿಹೋಗಿರಬಹುದು. ನಿಮ್ಮ ಹೊಲದ ಪ್ರಶ್ನೆ ಬೇರೆ, ಅಲ್ವಾ?

ರೈತರ ಜೊತೆ ಓಡಾಡುವುದೇ ನನ್ನ ಕೆಲಸ. ಹೊಸಬರ ಹೊಲಕ್ಕೆ ಹೋದಾಗ ನಾನು ಮೊದಲು ಮಾಡುವ ಪರೀಕ್ಷೆ ನೀವೂ ಮಾಡಿ. ಹೊಲದ ನಡುವಿನಿಂದ ಒಂದು ಒಣ ಹೆಂಟೆ ತನ್ನಿ. ಯಾರೂ ಉಳದ ಬದುವಿನಿಂದ, ಹುಲ್ಲಿನ ಬೇರಿರುವ ಕಡೆಯಿಂದ ಇನ್ನೊಂದು ತನ್ನಿ. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ, ಒಂದೊಂದನ್ನು ಮೆಲ್ಲಗೆ ಇಳಿಬಿಡಿ. ಹೊಲದ ಹೆಂಟೆ ಕೆಲವೇ ನಿಮಿಷಕ್ಕೆ ಕರಗಿ ರಾಡಿಯಾದರೆ, ಅದರಲ್ಲಿ ಜೀವ ಕಡಿಮೆಯಾಗಿದೆ ಅಂತ ತಿಳಿಯಿರಿ. ಬದುವಿನ ಹೆಂಟೆ ಬಹಳ ಹೊತ್ತು ಗಟ್ಟಿಯಾಗಿ ಕೂತಿರುತ್ತದೆ. ಬೇರು, ಶಿಲೀಂಧ್ರ, ಎರೆಹುಳು ಎಲ್ಲ ಸೇರಿ ಆ ಮಣ್ಣನ್ನು ಅಂಟಿಸಿ ಹಿಡಿದಿರುತ್ತವೆ. ಮಣ್ಣು ರಾಡಿಯಾದ ಹೊಲದಲ್ಲಿ ಮಳೆ ನೀರು ಇಂಗುವುದಿಲ್ಲ, ಮೇಲೆ ಹರಿದುಹೋಗುತ್ತದೆ. ಹಾಗಿದ್ದರೆ ನಿಮ್ಮ ಮೊದಲ ಕೆಲಸ ಮಣ್ಣಿಗೆ ಹೊದಿಕೆ. ಕೀಟದ ಚಿಂತೆ ಆಮೇಲೆ.

ದೂರದವರ ಅನುಭವ ಬೇಡ ಅಂತಲ್ಲ. ಅದನ್ನು ತಂದು ನಿಮ್ಮಲ್ಲಿ ಪರೀಕ್ಷಿಸಿ. ಇಂಡೊನೇಷ್ಯಾದ ಭತ್ತದ ರೈತರು ಇದನ್ನು ಚೆನ್ನಾಗಿ ಮಾಡಿ ತೋರಿಸಿದ್ದಾರೆ. ಅಲ್ಲಿ ಔಷಧಿ ಹೊಡೆದಷ್ಟೂ ಭತ್ತದ ರಸ ಹೀರುವ ಕಂದು ಜಿಗಿಹುಳು ಜಾಸ್ತಿಯಾಗುತ್ತಿತ್ತು. ಜಿಗಿಹುಳುವಿನ ಮೊಟ್ಟೆ ಗಿಡದ ಒಳಗೆ ಸುರಕ್ಷಿತವಾಗಿರುತ್ತಿತ್ತು, ಜಿಗಿಹುಳುವನ್ನು ತಿನ್ನುವ ಜೇಡ ಮಾತ್ರ ಸಾಯುತ್ತಿತ್ತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಲ್ಲಿ ರೈತರ ಹೊಲ ಶಾಲೆಗಳು ಶುರುವಾದವು. ಒಂದೊಂದು ಶಾಲೆಯಲ್ಲಿ ಸುಮಾರು ಇಪ್ಪತ್ತೈದು ರೈತರು ವಾರಕ್ಕೊಮ್ಮೆ ಗದ್ದೆಯಲ್ಲೇ ಸೇರುತ್ತಿದ್ದರು, ನಾಟಿಯಿಂದ ಕೊಯ್ಲಿನವರೆಗೆ. ಕಂಡ ಹುಳಗಳ ಚಿತ್ರ ಬರೆದು, ಔಷಧಿ ಬೇಕೇ ಬೇಡವೇ ಅಂತ ತಾವೇ ಚರ್ಚಿಸುತ್ತಿದ್ದರು. ಗಿಡಕ್ಕೆ ಪರದೆ ಕಟ್ಟಿ, ಒಳಗೆ ಜಿಗಿಹುಳು ಮತ್ತು ಜೇಡ ಬಿಟ್ಟು, ಯಾರು ಯಾರನ್ನು ತಿನ್ನುತ್ತಾರೆ ಅಂತ ಕಣ್ಣಾರೆ ನೋಡುತ್ತಿದ್ದರು. ಇನ್ನು ಕೆಲವರು ಎಳೆ ಪೈರಿನ ಎಲೆಗಳನ್ನು ಬೇಕಂತಲೇ ಕತ್ತರಿಸಿ ಇಳುವರಿ ಹೋಲಿಸಿದರು. ಎಳೆ ಪೈರು ಒಂದಿಷ್ಟು ಎಲೆ ಕಳೆದುಕೊಂಡರೂ ಚೇತರಿಸಿಕೊಳ್ಳುತ್ತದೆ. ಇದನ್ನು ಸ್ವಂತ ಗದ್ದೆಯಲ್ಲಿ ಕಂಡವರು ಎಲೆಯಲ್ಲಿ ನಾಲ್ಕು ತೂತು ಕಂಡ ಕೂಡಲೇ ಪಂಪು ಹೆಗಲಿಗೇರಿಸುವುದಿಲ್ಲ.

ಒಳ್ಳೆಯ ವಿಧಾನವೂ ಜಾಗ ಬದಲಾದರೆ ಬದಲಾಗಬೇಕಾಗುತ್ತದೆ. ಕೀನ್ಯಾದಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಬಳ್ಳಿ ಹಾಕುತ್ತಾರೆ, ಸುತ್ತ ನೇಪಿಯರ್ ಹುಲ್ಲು. ಬಳ್ಳಿಯ ವಾಸನೆಗೆ ಕಾಂಡಕೊರಕದ ಪತಂಗ ದೂರ ಹೋಗುತ್ತದೆ, ಹುಲ್ಲು ಅದನ್ನು ತನ್ನ ಕಡೆ ಸೆಳೆಯುತ್ತದೆ. ಬೇರಿಗೆ ಅಂಟುವ ಸ್ಟ್ರೈಗಾ ಕಳೆಯನ್ನೂ ಬಳ್ಳಿ ತಡೆಯುತ್ತದೆ. ಆದರೆ ಒಣ ಪ್ರದೇಶಕ್ಕೆ ಹೋದಾಗ ಅದೇ ಜೋಡಿ ನಡೆಯಲಿಲ್ಲ. ಬರ ತಡೆಯುವ ಬೇರೆ ಡೆಸ್ಮೋಡಿಯಂ ಜಾತಿ, ನೇಪಿಯರ್ ಬದಲು ಬ್ರಾಕಿಯಾರಿಯಾ ಹುಲ್ಲು ಹುಡುಕಬೇಕಾಯಿತು.

ನೀವು ಐದೂ ಎಕರೆಗೆ ಕೈ ಹಾಕಬೇಡಿ. ಅರ್ಧ ಎಕರೆ ಸಾಕು, ಆದರೆ ಪಕ್ಕದಲ್ಲೇ ಹಳೆಯ ಪದ್ಧತಿಯ ಅರ್ಧ ಎಕರೆ ಇರಲಿ. ಅದೇ ಬೆಳೆ, ಅದೇ ದಿನ ಬಿತ್ತನೆ. ಖರ್ಚು ಎರಡಕ್ಕೂ ಬೇರೆ ಬೇರೆ ಬರೆಯಿರಿ, ನಿಮ್ಮ ಮನೆಯವರ ಕೂಲಿಯನ್ನೂ ಸೇರಿಸಿ.

ಪ್ರಶ್ನೆ: ರಾಸಾಯನಿಕ ಗೊಬ್ಬರ ಪೂರ್ತಿ ನಿಲ್ಲಿಸಿ, ಒಣ ಹುಲ್ಲು ಕತ್ತರಿಸಿ ಮಣ್ಣಿಗೆ ಸೇರಿಸಿದೆ. ಪೈರೆಲ್ಲ ಹಳದಿಯಾಗಿದೆ. ಏನು ಮಾಡಲಿ?

ಉತ್ತರ: ಧೈರ್ಯ ಕಳೆದುಕೊಳ್ಳಬೇಡಿ, ಇದಕ್ಕೆ ದಾರಿ ಇದೆ. ಒಣ ಹುಲ್ಲಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಪೈರಿಗೆ ಸಿಗುವುದಿಲ್ಲ. ಈ ಬೆಳೆಗೆ ಚೆನ್ನಾಗಿ ಕಳಿತ ಗೊಬ್ಬರ ಕೊಡಿ. ಅದು ಸಾಲದಿದ್ದರೆ ಸ್ವಲ್ಪ ಸಾರಜನಕ ಗೊಬ್ಬರ ಹಾಕಿ ಬೆಳೆ ಉಳಿಸಿಕೊಳ್ಳಿ. ಇದರಲ್ಲಿ ತಪ್ಪೇನಿಲ್ಲ. ಬದಲಾವಣೆಯ ಕಾಲದಲ್ಲಿ ಬೆಳೆ ಕೈಕೊಟ್ಟರೆ ಮನೆಯವರ ನಂಬಿಕೆಯೂ ಹೋಗುತ್ತದೆ.

ಮುಂದಿನ ಸಲ ಹುಲ್ಲನ್ನು ಮಣ್ಣಿನ ಒಳಗೆ ಸೇರಿಸದೆ ಮೇಲೆ ಹೊದಿಸಿ. ಮೊದಲು ಒಂದು ದ್ವಿದಳ ಬೆಳೆ ತೆಗೆಯಿರಿ. ಹೂ ಬರುವ ಹೊತ್ತಿಗೆ ಒಂದು ಗಿಡವನ್ನು ಮಣ್ಣು ಸಮೇತ ಅಗೆದು, ಬೇರಿನ ಗಂಟನ್ನು ಉಗುರಿನಲ್ಲಿ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ಕೆಲಸ ನಡೆಯುತ್ತಿಲ್ಲ. ಹಾಗಿದ್ದರೆ ಮತ್ತೆ ಬಿತ್ತುವಾಗ ಆ ಬೆಳೆಗೆ ಒಗ್ಗುವ ರೈಜೋಬಿಯಂ, ಅಂದರೆ ಬೇರಿನ ಗಂಟಿನಲ್ಲಿರುವ ಆ ಬ್ಯಾಕ್ಟೀರಿಯಾವನ್ನು, ಬೀಜಕ್ಕೆ ಲೇಪಿಸಿ ಬಿತ್ತಿ.

ಪ್ರಶ್ನೆ: ನಾನು ರೈತರಿಗೆ ಸಲಹೆ ಕೊಡುವ ಕೆಲಸಕ್ಕೆ ಹೊಸಬ. ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಮಾಡುವುದಿಲ್ಲ.

ಉತ್ತರ: ಹೇಳುವ ಮುಂಚೆ ಕೇಳಿ. ಜಮೀನು ಸ್ವಂತದ್ದಾ, ಗುತ್ತಿಗೆಯದ್ದಾ? ಮುಂದಿನ ವರ್ಷ ಕೈತಪ್ಪಬಹುದಾದ ಹೊಲದಲ್ಲಿ ಯಾರು ಬದುವಿಗೆ ಮರ ನೆಡುತ್ತಾರೆ? ಅಂಥವರಿಗೆ ಒಂದೇ ಹಂಗಾಮಿನಲ್ಲಿ ಫಲ ಕೊಡುವ ಅಂತರ ಬೆಳೆ ಹೇಳಿ. ಕಳೆ ಕೀಳುವವರು ಯಾರು, ಅವರನ್ನೂ ಮಾತಾಡಿಸಿ. ಹುಳ ಮೊದಲು ಕಾಣುವುದು ಅವರ ಕಣ್ಣಿಗೇ. ಸಲಹೆ ಕೊಟ್ಟ ಹೊಲಕ್ಕೆ ಬಿತ್ತನೆ, ಹೂವು, ಕೊಯ್ಲು ಮೂರೂ ಹೊತ್ತಿನಲ್ಲಿ ಹೋಗಿ. ಅಲ್ಲಿ ಒಬ್ಬರಿಗೆ ಸರಿಹೋದರೆ, ಮುಂದಿನ ಸಭೆಯನ್ನು ಅವರ ಬದುವಿನ ಮೇಲೆಯೇ ಇಟ್ಟು ಅವರಿಂದಲೇ ಮಾತಾಡಿಸಿ. ನೀವು ಪಕ್ಕದಲ್ಲಿ ಕೂತು ಕೇಳಿ.