ಒಬ್ಬಳನ್ನೇ ಕಳಿಸಬೇಡಿ

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಟೈಪ್ 1 ಮಧುಮೇಹ. ಮೊನ್ನೆ ಗಣಿತದ ಪಿರಿಯಡ್‌ನಲ್ಲಿ ಕೈ ನಡುಗುತ್ತಿದೆ ಎಂದಾಗ ಟೀಚರ್ ಅವಳೊಬ್ಬಳನ್ನೇ ಆಫೀಸಿಗೆ ಕಳಿಸಿದರಂತೆ. ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಶಾಲೆಯವರಿಗೆ ಹೇಗೆ ಹೇಳಲಿ?

ಉತ್ತರ: ಜಗಳ ಆಮೇಲಾಡಿ, ಮೊದಲು ಅರ್ಧ ಪುಟ ಬರೆದುಕೊಡಿ. ಅರ್ಧವೇ ಸಾಕು. ನನ್ನ ಮಗನ ಶಾಲೆಗೆ ನಾನು ನಾಲ್ಕು ಪುಟ ಕೊಟ್ಟಿದ್ದೆ, ಯಾರೂ ಓದಲಿಲ್ಲ!

ಮೊದಲ ಸಾಲು ಹೀಗಿರಲಿ: ನಡುಕ, ಬೆವರು, ಮಂಕು, ಕಾರಣವಿಲ್ಲದ ಸಿಟ್ಟು ಕಂಡರೆ ಒಬ್ಬಳನ್ನೇ ಎಲ್ಲಿಗೂ ಕಳಿಸಬೇಡಿ. ರಕ್ತದ ಸಕ್ಕರೆ ಇಳಿದಿರಬಹುದು, ಕೂತಲ್ಲೇ ಸಕ್ಕರೆ ಪರೀಕ್ಷೆ. 70 mg/dLಗಿಂತ (ಮೀಟರ್ ತೋರಿಸುವ ಅಂಕಿ) ಕಡಿಮೆಯಿದ್ದರೆ ಸುಮಾರು 15 ಗ್ರಾಂ ಗ್ಲೂಕೋಸ್ (ಪುಟ್ಟ ಮಕ್ಕಳಿಗೆ ಇನ್ನೂ ಕಡಿಮೆ, ನಿಮ್ಮ ವೈದ್ಯರ ಅಳತೆಯನ್ನೇ ಬರೆಯಿರಿ), 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರದೆ ಗ್ಲೂಕೋಸ್ ಕೊಟ್ಟುಬಿಡಲಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಪಕ್ಕಕ್ಕೆ ಮಲಗಿಸಿ, ಗ್ಲುಕಗಾನ್ (ಸಕ್ಕರೆ ಏರಿಸುವ ತುರ್ತು ಔಷಧ) ಇದ್ದರೆ ಕೊಟ್ಟು, ಆಂಬ್ಯುಲೆನ್ಸ್ ಕರೆಯಬೇಕು.

ಸಕ್ಕರೆ ಏರಿದಾಗ ಬಾಯಾರಿಕೆ, ಪದೇಪದೇ ಮೂತ್ರ. ಆಗ ನೀರಿಗೂ ಶೌಚಾಲಯಕ್ಕೂ ಅನುಮತಿ ಕೇಳಿ ಕಾಯುವಂತಾಗಬಾರದು, ಪರೀಕ್ಷೆಯ ಹಾಲ್‌ನಲ್ಲೂ ಅಷ್ಟೇ.

ಆಟದ ಮೇಷ್ಟ್ರನ್ನು ಮರೆಯಬೇಡಿ. ಆಡಿ ಮುಗಿದು ಗಂಟೆಗಳ ನಂತರವೂ ಸಕ್ಕರೆ ಇಳಿಯಬಹುದು. ಹಾಗಂತ ಆಟ ಬಿಡಿಸಬೇಡಿ. ಬೆಂಚಿನ ಮೇಲೆ ಕೂತು ನೋಡುವ ಶಿಕ್ಷೆ ನನ್ನ ಮಗನಿಗೆ ಸೂಜಿಗಿಂತ ಹೆಚ್ಚು ನೋಯಿಸಿತ್ತು. ಈಗ ಅವನ ಮೇಷ್ಟ್ರ ಜೇಬಿನಲ್ಲಿ ಸೀಟಿಯ ಜತೆ ಗ್ಲೂಕೋಸ್ ಮಾತ್ರೆಯ ಡಬ್ಬಿಯೂ ಇರುತ್ತದೆ.