ಅಳಿಸುವ ಟ್ಯೂನ್ ಮೊದಲು ನಗಿಸಿರುತ್ತದೆ

ಈ ಸಲ ಬಂದ ಪ್ರಶ್ನೆಗಳೆಲ್ಲ ಅನಿಮೇಷನ್ ಸಿನಿಮಾಗಳ ಸಂಗೀತದ ಮೇಲೆ. ನನಗೆ ತುಂಬಾ ಹತ್ತಿರದ ವಿಷಯ ಇದು. ಹದಿನಾರು ವರ್ಷದಿಂದ ಅನಿಮೇಷನ್ ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುವುದೇ ನನ್ನ ಕೆಲಸ. ಹಾಗಾಗಿ ಒಂದೆರಡು ಉತ್ತರ ಉದ್ದವಾಗಿವೆ.

ಪ್ರಶ್ನೆ: ಮೇಡಂ, ‘ಅಪ್’ ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೇ ನನಗೆ ಅಳು ಬಂತು. ಗಂಡ ಹೆಂಡತಿಯ ಬದುಕು ತೋರಿಸುವ ಆ ಭಾಗದಲ್ಲಿ ಮಾತೇ ಇಲ್ಲ. ಇರುವುದು ಕಂಪ್ಯೂಟರಿನಲ್ಲಿ ಮಾಡಿದ ಗೊಂಬೆಗಳು. ನಿಜವಾದ ನಟರ ಸಿನಿಮಾ ನೋಡಿಯೂ ನಾನು ಇಷ್ಟು ಅತ್ತಿಲ್ಲ. ಇದು ಸಂಗೀತದ ಕೆಲಸವಾ?

ಬಹುಪಾಲು ಹೌದು. 2009ರ ಈ ಸಿನಿಮಾಕ್ಕೆ ಸಂಗೀತ ಮಾಡಿದವರು ಮೈಕೆಲ್ ಜಿಯಾಕೀನೊ. ಅದಕ್ಕೆ ಅವರಿಗೆ ಆಸ್ಕರ್ ಕೂಡ ಬಂತು. ಮದುವೆಯಿಂದ ಹಿಡಿದು ಹೆಂಡತಿ ತೀರಿಕೊಳ್ಳುವವರೆಗೆ ಒಂದಿಡೀ ಬದುಕು ಅಲ್ಲಿ ಸುಮಾರು ನಾಲ್ಕು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಷ್ಟಕ್ಕೂ ಇರುವುದು ಒಂದೇ ಟ್ಯೂನ್. ಪುಟ್ಟದು. ಒಂದೆರಡು ಸಲ ಕೇಳಿದರೆ ಯಾರಾದರೂ ಗುನುಗಬಹುದು. ಮೂರು ಮೂರು ಎಣಿಕೆಯ ನಡೆ. ತಕಿಟ, ತಕಿಟ ಅಂತ ತೂಗುತ್ತ ಹೋಗುತ್ತದೆ.

ಇನ್ನೊಂದು ಸಲ ನೋಡುವಾಗ ಕಣ್ಣು ಮುಚ್ಚಿಕೊಂಡು ಕೇಳಿ. ಮದುವೆಯ ದಿನ ಆ ಟ್ಯೂನ್ ಕುಣಿಯುತ್ತ ಬರುತ್ತದೆ. ಬಾಯಿಗೆ ಮ್ಯೂಟ್ ಹಾಕಿ ದನಿ ತಗ್ಗಿಸಿದ ಟ್ರಂಪೆಟ್, ವಯೊಲಿನ್, ಹಳೇ ಕಾಲದ ಡಾನ್ಸ್ ಪಾರ್ಟಿಯ ಹುರುಪು. ಹಳೇ ಮನೆ ರಿಪೇರಿ ಮಾಡುವಾಗ ಅದೇ ಟ್ಯೂನ್. ಗುಡ್ಡದ ಮೇಲೆ ಮಲಗಿ ಮೋಡ ನೋಡುವಾಗಲೂ ಅದೇ. ಆಮೇಲೆ ಆಸ್ಪತ್ರೆಯ ಕೋಣೆ. ಮಗು ಆಗುವುದಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಹೊಸದಾಗಿ ಒಂದು ಶೋಕದ ಟ್ಯೂನ್ ತಂದು ಹಾಕುತ್ತಿದ್ದರು. ಜಿಯಾಕೀನೊ ಹೊಸದೇನನ್ನೂ ತರುವುದಿಲ್ಲ. ಅದೇ ಟ್ಯೂನ್, ಆದರೆ ನಡೆ ನಿಧಾನ. ಕುಣಿತ ಇಲ್ಲ. ಕೊನೆಗೆ ಮುದುಕ ಬಲೂನು ಹಿಡಿದುಕೊಂಡು ಖಾಲಿ ಮನೆಯ ಒಳಗೆ ಹೋಗುವಾಗ ಉಳಿಯುವುದು ಪಿಯಾನೊ ಒಂದೇ.

ಆ ಟ್ಯೂನ್ ಹುಟ್ಟಿದ್ದು ಮದುವೆಯ ಗದ್ದಲದಲ್ಲಿ. ಪಿಯಾನೊದಲ್ಲಿ ಅದು ಒಂಟಿಯಾಗಿ ಕೇಳಿದಾಗ ನಿಮ್ಮ ಕಿವಿ ತಾನಾಗಿಯೇ ಹಿಂದಕ್ಕೆ ಹೋಗಿ ಆ ಟ್ರಂಪೆಟ್ಟನ್ನು ಹುಡುಕುತ್ತದೆ. ಅದು ಸಿಗುವುದಿಲ್ಲ. ಆ ಸಿಗದಿರುವುದೇ ಅಳು. ಮುಂದೆ ಬಲೂನುಗಳು ಮನೆಯನ್ನೇ ಎತ್ತಿಕೊಂಡು ಆಕಾಶಕ್ಕೆ ಹಾರುವಾಗ ಅದೇ ಟ್ಯೂನ್ ತುಂಬು ಆರ್ಕೆಸ್ಟ್ರಾದಲ್ಲಿ ವಾಪಸ್ ಬರುತ್ತದೆ. ಅಲ್ಲಿ ಎದೆ ಹಗುರ ಆಗುತ್ತದೆ ಅಲ್ವಾ? ಹೋದವಳೇ ಬಂದಹಾಗೆ.

ಗೊಂಬೆಗಳು ಅಂದಿರಿ. ಅದರಲ್ಲೂ ಒಂದು ವಿಷಯ ಇದೆ. ನಟರ ಸಿನಿಮಾದಲ್ಲಿ ಶೂಟಿಂಗ್ ಮಾಡುವಾಗ ಮೈಕ್ ಎಷ್ಟೋ ಸಂಗತಿ ಹಿಡಿದುಕೊಂಡಿರುತ್ತದೆ. ಉಸಿರು, ಬಟ್ಟೆಯ ಸರಸರ, ಕುರ್ಚಿಯ ಕಿರ್ರ್, ಏನೂ ಇಲ್ಲದ ಕೋಣೆಯ ಗುಂಯ್‌ಗುಟ್ಟುವ ಸದ್ದು. ಅನಿಮೇಷನ್ನಿನಲ್ಲಿ ಕಲಾವಿದರು ಸ್ಟುಡಿಯೋದಲ್ಲಿ ಕೊಟ್ಟ ದನಿ ಬಿಟ್ಟರೆ ಏನೂ ಇರುವುದಿಲ್ಲ. ಒಂದು ಹೆಜ್ಜೆಯ ಸದ್ದನ್ನೂ ಯಾರೋ ಕೂತು ಮಾಡಿ ಸೇರಿಸಬೇಕು. ಮೊದಲ ಸಲ ಸದ್ದಿಲ್ಲದ ಫೂಟೇಜ್ ನನ್ನ ಮುಂದೆ ಓಡಿದಾಗ ನನಗೆ ನಿಜಕ್ಕೂ ಭಯ ಆಗಿತ್ತು. ಆ ಗೊಂಬೆಯ ಉಸಿರೂ ನಮ್ಮ ಕೈಯಲ್ಲೇ ಇದೆ ಅನ್ನಿಸುತ್ತದೆ. ಅದಕ್ಕೇ ಇಲ್ಲಿ ಸಂಗೀತದ ಹೊಣೆ ಜಾಸ್ತಿ.

ಪ್ರಶ್ನೆ: ಖುಷಿಯಲ್ಲಿ ಕೇಳಿದ ಟ್ಯೂನೇ ಆಮೇಲೆ ಅಳಿಸುತ್ತದೆ ಅನ್ನುವ ಮಾತು ಹಾಡುಗಳಿಗೂ ಒಪ್ಪುತ್ತದಾ?

ಒಪ್ಪುತ್ತದೆ. 2017ರ ‘ಕೋಕೊ’ ನೋಡಿ. ‘ರಿಮೆಂಬರ್ ಮಿ’ ಹಾಡು ಮೊದಲು ಬರುವುದು ಒಬ್ಬ ದೊಡ್ಡ ಸ್ಟಾರ್ ಗಾಯಕನ ಸ್ಟೇಜ್ ಮೇಲೆ, ಝಗಮಗ ಬೆಳಕಿನಲ್ಲಿ. ಅಲ್ಲಿ ಅದು ಬರೀ ಷೋ. ಆಮೇಲೆ ಗೊತ್ತಾಗುತ್ತದೆ, ಅದನ್ನು ಒಬ್ಬ ಅಪ್ಪ ತನ್ನ ಪುಟ್ಟ ಮಗಳಿಗೆ ಜೋಗುಳವಾಗಿ ಕಟ್ಟಿದ್ದ ಅಂತ. ಕೊನೆಗೆ ಅದನ್ನೇ ಹುಡುಗ ಗಿಟಾರ್ ಹಿಡಿದು ಮುತ್ತಜ್ಜಿಗೆ ಹಾಡುತ್ತಾನೆ. ಎಲ್ಲ ಮರೆತು ಕೂತಿದ್ದ ಅಜ್ಜಿ ಜೊತೆಗೆ ದನಿಗೂಡಿಸುತ್ತಾಳೆ. ಸಾಲು ಅದೇ, ಸ್ವರ ಅದೇ. ನಡೆ ಮತ್ತು ದನಿ ಮಾತ್ರ ಬೇರೆ. ಮೊದಲ ಸಲ ಅದು ಝಗಮಗ ಇದ್ದಿದ್ದಕ್ಕೇ ಮೂರನೇ ಸಲ ನಮ್ಮ ಗಂಟಲು ಕಟ್ಟುವುದು.

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ‘ಟಾಮ್ ಅಂಡ್ ಜೆರ್ರಿ’ ಹಾಕಿದರೆ ಮ್ಯೂಸಿಕ್ಕಿನ ಗಲಾಟೆಯೋ ಗಲಾಟೆ. ಜಪಾನಿನ ನಿರ್ದೇಶಕ ಮಿಯಾಜಾಕಿ ಅವರ ಸಿನಿಮಾಗಳಲ್ಲಿ ಎಷ್ಟೋ ಹೊತ್ತು ಮ್ಯೂಸಿಕ್ಕೇ ಇರುವುದಿಲ್ಲ, ಆದರೂ ಅವಳು ಸುಮ್ನೆ ಕೂತು ನೋಡುತ್ತಾಳೆ. ಎರಡೂ ಮಕ್ಕಳು ನೋಡುವುದೇ ಅಲ್ವಾ? ಯಾಕಿಷ್ಟು ವ್ಯತ್ಯಾಸ?

ಮೊದಲು ಆ ಗಲಾಟೆಯ ಪರವಾಗಿ ಒಂದು ಮಾತು. ಅದನ್ನು ಬರೆದವರು ಸ್ಕಾಟ್ ಬ್ರಾಡ್ಲಿ. ಬೆಕ್ಕಿನ ಪ್ರತಿ ಹೆಜ್ಜೆಗೆ ಒಂದು ಸ್ವರ, ಜಾರಿದರೆ ಮೇಲಿಂದ ಕೆಳಗೆ ಇಳಿಯುವ ಸ್ವರಸಾಲು. ಕೆಲವು ಕಡೆ 12 ಸ್ವರಗಳನ್ನೂ ಸರಿಸಮವಾಗಿ ಬಳಸುವ, ಸಂಗೀತಗಾರ ಶೋನ್‌ಬರ್ಗ್ ಅವರ ಪದ್ಧತಿಯನ್ನೂ ಅವರು ತಂದಿದ್ದಾರೆ. ದೊಡ್ಡವರು ಸಂಗೀತ ಕಚೇರಿಯಲ್ಲಿ ಕೇಳಲು ಹಿಂಜರಿಯುವ ಸಂಗೀತವನ್ನು ಮಕ್ಕಳು ನಗುತ್ತ ಕೇಳಿದ್ದಾರೆ. ನುಡಿಸಿ ನೋಡಿದವರಿಗೆ ಗೊತ್ತು, ಅದು ಎಷ್ಟು ಕಷ್ಟ ಅಂತ.

ಈ ಹೆಜ್ಜೆಗೊಂದು ಸ್ವರದ ರೀತಿಗೆ ನಮ್ಮ ಕಸುಬಿನಲ್ಲಿ ‘ಮಿಕಿ ಮೌಸಿಂಗ್’ ಅಂತಲೇ ಹೆಸರು. 1928ರಲ್ಲಿ ಡಿಸ್ನಿಯವರು ಮಿಕಿ ಮೌಸ್‌ನ ‘ಸ್ಟೀಮ್‌ಬೋಟ್ ವಿಲ್ಲಿ’ ಮಾಡುವಾಗ ಚಿತ್ರಕ್ಕೂ ಸದ್ದಿಗೂ ಹೊಂದಿಸುವುದು ಹೇಗೆ ಅಂತ ತಲೆಕೆಡಿಸಿಕೊಂಡಿದ್ದರು. ಆಗ ವಿಲ್‌ಫ್ರೆಡ್ ಜಾಕ್ಸನ್ ಎಂಬ ಅನಿಮೇಟರ್, ಟಿಕ್ ಟಿಕ್ ಅಂತ ತಾಳ ಹಾಕುವ ಮೆಟ್ರೊನೋಮ್ ಇಟ್ಟುಕೊಂಡು ಲೆಕ್ಕ ಹಾಕಿದರು. ಅವರ ತಾಯಿ ಸಂಗೀತ ಹೇಳಿಕೊಡುತ್ತಿದ್ದವರು. ಲೆಕ್ಕ ಸುಲಭ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಓಡುತ್ತದೆ. 12 ಫ್ರೇಮಿಗೆ ಒಂದು ಹೆಜ್ಜೆ ಎಂದರೆ ನಿಮಿಷಕ್ಕೆ 120 ಪೆಟ್ಟು. ಈಗಲೂ ನಾವು ಕಂಪ್ಯೂಟರಿನಲ್ಲಿ ತಾಳದ ಕ್ಲಿಕ್ ಹಾಕಿಕೊಂಡು ಮಾಡುವುದು ಇದನ್ನೇ.

ಆದರೆ ಈ ರೀತಿಯಲ್ಲಿ ಸಂಗೀತ ಮೈಗೆ ಅಂಟಿಕೊಂಡಿರುತ್ತದೆ. ಓಡು, ಬೀಳು, ಏಳು, ಎಲ್ಲ ಹೇಳಬಲ್ಲದು. ಮನಸ್ಸಿನ ಒಳಗೆ ಆಗುವುದನ್ನು ಹೇಳಬೇಕಾದರೆ ಮೈಯಿಂದ ಸ್ವಲ್ಪ ದೂರ ನಿಲ್ಲಬೇಕು. ಜೋ ಹಿಸಾಯಿಶಿ ನಿಲ್ಲುವುದು ಹಾಗೆ. 1984ರ ‘ನೌಸಿಕಾ’ದಿಂದ ಶುರುವಾಗಿ ಹಯಾವೊ ಮಿಯಾಜಾಕಿ ಅವರ ಒಂದರ ಹಿಂದೆ ಒಂದು ಸಿನಿಮಾಕ್ಕೆ ಸಂಗೀತ ಕೊಟ್ಟವರು ಅವರು. 2001ರ ‘ಸ್ಪಿರಿಟೆಡ್ ಅವೇ’ಯಲ್ಲಿ ನೀರಿನ ಮೇಲೆ ಓಡುವ ರೈಲು ನೆನಪಿದೆಯಾ? ಆ ಪುಟ್ಟ ಹುಡುಗಿ ಸುಮ್ಮನೆ ಕೂತಿರುತ್ತಾಳೆ. ನೆರಳಿನಂಥ ಪ್ರಯಾಣಿಕರು ಇಳಿದು ಹೋಗುತ್ತಾರೆ. ಪಿಯಾನೊ ಒಂದು ಮಾತು ಹೇಳಿದ ಹಾಗೆ ನುಡಿದು ತಡೆಯುತ್ತದೆ. ಅವಳಿಗೆ ಭಯವೋ ದುಃಖವೋ ಧೈರ್ಯವೋ, ಸಂಗೀತ ತೀರ್ಪು ಕೊಡುವುದಿಲ್ಲ. ಆ ಜಾಗವನ್ನು ನೋಡುವವರಿಗೆ ಬಿಡುತ್ತದೆ. ನಿಮ್ಮ ಮಗಳು ಅಲ್ಲಿ ತನ್ನದೇನನ್ನೋ ತುಂಬುತ್ತಿದ್ದಾಳೆ. ಅದಕ್ಕೇ ಸುಮ್ಮನೆ ಕೂತಿರುವುದು.

ಮಿಯಾಜಾಕಿ 2002ರಲ್ಲಿ ವಿಮರ್ಶಕ ರೋಜರ್ ಈಬರ್ಟ್ ಅವರಿಗೆ ಇದನ್ನು ಚಪ್ಪಾಳೆ ತಟ್ಟಿಯೇ ತೋರಿಸಿದ್ದರು. ಎರಡು ಚಪ್ಪಾಳೆಗಳ ನಡುವಿನ ಹೊತ್ತು ಇದೆಯಲ್ಲ, ಅದಕ್ಕೆ ಜಪಾನಿಯರು ‘ಮಾ’ ಅನ್ನುತ್ತಾರೆ ಅಂತ. ಎಲ್ಲರಿಗೂ ಈ ಧೈರ್ಯ ಇರುವುದಿಲ್ಲ. 1986ರ ‘ಕ್ಯಾಸಲ್ ಇನ್ ದಿ ಸ್ಕೈ’ಯನ್ನು ಡಿಸ್ನಿ ಇಂಗ್ಲಿಷಿಗೆ ತಂದಾಗ ಹಿಸಾಯಿಶಿ ಅವರ ಕೈಯಿಂದಲೇ ಸಂಗೀತವನ್ನು ಮತ್ತೆ ಮಾಡಿಸಿದರು. ಮೂಲದಲ್ಲಿ ಮೌನವಾಗಿದ್ದ ಎಷ್ಟೋ ಜಾಗ ತುಂಬಿತು. ಎರಡನ್ನೂ ಕೇಳಿದ್ದೇನೆ. ಹೊಸದರಲ್ಲಿ ವಾದ್ಯಗಳು ಸೊಗಸಾಗಿವೆ, ನಿಜ. ಆದರೆ ನನಗೆ ಹಳೆಯದೇ ಬೇಕು. ಗಾಳಿ ಬೀಸುವ ಸದ್ದು ಮಾತ್ರ ಇರುವಾಗ ಆ ಆಕಾಶ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಮೊದಲು ಚಿತ್ರವಾ, ಮೊದಲು ಸಂಗೀತವಾ?

ಹಾಡಾದರೆ ಹಾಡೇ ಮೊದಲು. ರೆಕಾರ್ಡ್ ಆದ ಹಾಡಿಗೆ ತುಟಿ, ಕೈಕಾಲು ಕೂಡಿಸುತ್ತಾರೆ. ಹಿನ್ನೆಲೆ ಸಂಗೀತ ಸಾಮಾನ್ಯವಾಗಿ ಕೊನೆಗೆ. ಹಿಸಾಯಿಶಿ ಇಲ್ಲೂ ಬೇರೆ ದಾರಿ ಹಿಡಿದರು. ‘ನೌಸಿಕಾ’ ತೆರೆಗೆ ಬರುವ ಮೊದಲೇ, 1983ರಲ್ಲಿ, ಅದರ ‘ಇಮೇಜ್ ಆಲ್ಬಂ’ ಬಂದಿತ್ತು. ಕಥೆಯ ಕಲ್ಪನೆಯ ಮೇಲೇ ಕಟ್ಟಿದ ಟ್ಯೂನ್‌ಗಳು. ನನಗೆ ಅವಕಾಶ ಸಿಕ್ಕಾಗಲೆಲ್ಲ ನಾನು ಇದನ್ನೇ ಕೇಳುತ್ತೇನೆ: ಸ್ಕೆಚ್ ಇರುವಾಗಲೇ ಕರೆಯಿರಿ, ಮುಗಿದ ಮೇಲೆ ಕರೆಯಬೇಡಿ.

ಪ್ರಶ್ನೆ: ದುಃಖದ ಸಂಗೀತ ಮಾಡುವವರು ತಾವೂ ದುಃಖ ಅನುಭವಿಸಿರಲೇಬೇಕಾ?

ಅನುಭವಿಸಿದ್ದರೆ ಅದು ಸ್ವರದಲ್ಲಿ ಇಳಿಯುತ್ತದೆ. 1994ರ ‘ದಿ ಲಯನ್ ಕಿಂಗ್’ಗೆ ಸಂಗೀತ ಮಾಡಿದ ಹಾನ್ಸ್ ಝಿಮ್ಮರ್ ಚಿಕ್ಕ ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. ತಮ್ಮ ಪುಟ್ಟ ಮಗಳನ್ನು ಪ್ರೀಮಿಯರಿಗೆ ಕರೆದುಕೊಂಡು ಹೋಗಬಹುದಲ್ಲ ಅಂತ ಆ ಕೆಲಸ ಒಪ್ಪಿಕೊಂಡಿದ್ದರು. ಮಾಡುತ್ತ ಹೋದಂತೆ, ಸತ್ತ ಅಪ್ಪನ ಪಕ್ಕ ಮರಿ ಸಿಂಹ ನಿಂತ ದೃಶ್ಯ ಎದುರಿಗೆ ಬಂತು. ಅಲ್ಲಿ ತಾವು ಬರೆದದ್ದು ತಮ್ಮ ಅಪ್ಪನಿಗೆ ಅಂತ ಅವರೇ ಹೇಳಿಕೊಂಡಿದ್ದಾರೆ. ಹಾಗಂತ ದುಃಖ ಇದ್ದರೆ ಸಾಲದು. ಅದನ್ನು ಎಲ್ಲಿ ಇಡಬೇಕು, ಎಷ್ಟು ಇಡಬೇಕು ಅನ್ನುವುದು ಅಭ್ಯಾಸದಿಂದ ಬರುತ್ತದೆ. ನನಗೆ ಅದು ಹೇಗೆ ಬಂತು ಅಂತ ಮುಂದಿನ ಉತ್ತರದಲ್ಲಿ ಬರೆದಿದ್ದೇನೆ.

ಪ್ರಶ್ನೆ: ನಾನು ಅನಿಮೇಷನ್ ಕೋರ್ಸಿನ ಕೊನೇ ವರ್ಷದಲ್ಲಿದ್ದೇನೆ ಮೇಡಂ. ಮೂರು ನಿಮಿಷದ ಫಿಲ್ಮ್. ಮುದುಕನ ಜೊತೆ ಬದುಕಿದ ಒಂದು ಕೊಡೆ, ಅವನು ಹೋದ ಮೇಲೆ ಮೂಲೆಯಲ್ಲಿ ಕಾಯುತ್ತದೆ. ಕೊನೆಗೆ ಮೊಮ್ಮಗಳು ಅದನ್ನು ಬಿಚ್ಚುತ್ತಾಳೆ. ದುಃಖಕ್ಕೆ ಪಿಯಾನೊ ಹಾಕಲಾ, ಚೆಲ್ಲೊ ಹಾಕಲಾ? ರೆಡಿ ಸಿಗುವ ಯಾವುದಾದರೂ ಸ್ಯಾಡ್ ಮ್ಯೂಸಿಕ್ ಹಾಕಿಬಿಡು ಅಂತ ಗೆಳೆಯರು ಹೇಳುತ್ತಾರೆ.

ದಯವಿಟ್ಟು ಹಾಕಬೇಡಿ. ಆ ಮ್ಯೂಸಿಕ್ಕಿಗೆ ನಿಮ್ಮ ಕೊಡೆಯ ಪರಿಚಯವೇ ಇಲ್ಲ.

ನನ್ನ ಎರಡನೇ ಕಿರುಚಿತ್ರ ಏಳು ನಿಮಿಷದ್ದು. ಅಜ್ಜಿ ಹೊಲಿಗೆ ಯಂತ್ರದ ಮುಂದೆ ಕೂತು ಹೊಲಿಯುತ್ತಾಳೆ, ಮೊಮ್ಮಗ ಕೆಳಗೆ ಕೂತು ಪೆಡಲ್ ನೋಡುತ್ತಿರುತ್ತಾನೆ. ಕೊನೆಯಲ್ಲಿ ಅಜ್ಜಿ ಇಲ್ಲ. ಹುಡುಗ ಒಬ್ಬನೇ ಬಂದು ಪೆಡಲ್ ಮೇಲೆ ಕಾಲಿಡುತ್ತಾನೆ. ಆ ಜಾಗಕ್ಕೆ ನಾನು ಹದಿನೈದು ದಿನ ಕೂತು ವಯೊಲಿನ್‌ಗಳ ದೊಡ್ಡ ಅಲೆ ಬರೆದಿದ್ದೆ. ಮಿಕ್ಸಿಂಗಿಗೆ ಮೊದಲು ನಿರ್ದೇಶಕರ ಜೊತೆ ಕೂತು ನೋಡಿದೆವು. ಅವರು ಮಾತಾಡಲಿಲ್ಲ. ಕೈ ಚಾಚಿ ನನ್ನ ಟ್ರ್ಯಾಕನ್ನು ಮ್ಯೂಟ್ ಮಾಡಿ ಮತ್ತೆ ಓಡಿಸಿದರು. ಕೇಳಿದ್ದು ಯಂತ್ರದ ಸದ್ದು ಒಂದೇ. ಟಕ್… ಟಕ್… ಟಕ್. ನನಗೆ ಮೊದಲು ಬೇಜಾರಾಯಿತು. ಆದರೆ ಕಣ್ಣು ಒದ್ದೆಯಾಗಿತ್ತು. ನಾನು ಬರೆದದ್ದನ್ನು ಕೇಳುವಾಗ ಹಾಗೆ ಆಗಿರಲಿಲ್ಲ.

ಅವತ್ತು ರಾತ್ರಿ ಮನೆಗೆ ಬಂದು ಕೊನೆಯ ದೃಶ್ಯವನ್ನು ಬಿಟ್ಟು ಮೊದಲ ದೃಶ್ಯವನ್ನು ತೆಗೆದೆ. ಅಜ್ಜಿಯ ಪೆಡಲ್ 12 ಫ್ರೇಮಿಗೊಂದು ಪೆಟ್ಟು ಹಾಕುತ್ತಿತ್ತು. ಅದನ್ನೇ ತಾಳ ಮಾಡಿಕೊಂಡು ಅಜ್ಜಿ ಗುನುಗುವ ಹಾಗೆ ಒಂದು ಪುಟ್ಟ ಟ್ಯೂನ್ ಕಟ್ಟಿದೆ. ಕ್ಲಾರಿನೆಟ್ ಒಂದೇ ವಾದ್ಯ. ಆರನೇ ನಿಮಿಷದವರೆಗೆ ಅದು ಮೂರು ಸಲ ಬರುತ್ತದೆ, ಪ್ರತಿ ಸಲ ಖುಷಿಯ ಜಾಗದಲ್ಲಿ. ಕೊನೆಯಲ್ಲಿ ಹುಡುಗನ ಕಾಲು ಇನ್ನೂ ಪಳಗಿಲ್ಲ, 20 ಫ್ರೇಮಿಗೊಂದು ಪೆಟ್ಟು. ಅಲ್ಲಿ ಟ್ಯೂನ್ ಇಲ್ಲವೇ ಇಲ್ಲ, ಯಂತ್ರ ಮಾತ್ರ. ಚಿತ್ರ ತೋರಿಸಿದ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನನ್ನ ಮುಂದಿದ್ದ ಹೆಂಗಸು ಆ ತಡವರಿಸುವ ಟಕ್ ಟಕ್‌ಗೆ ಅಜ್ಜಿಯ ಟ್ಯೂನನ್ನು ತುಟಿಯೊಳಗೇ ಗುನುಗುತ್ತಿದ್ದರು. ಪರದೆಯ ಮೇಲೆ ಇಲ್ಲದ ಟ್ಯೂನ್ ಅದು.

ನಿಮ್ಮ ಫಿಲ್ಮಿನ ಮೊದಲ ಮುಕ್ಕಾಲು ನಿಮಿಷಕ್ಕೆ ನಿಮ್ಮ ಶಕ್ತಿಯನ್ನೆಲ್ಲ ಹಾಕಿ. ಮುದುಕ ಕೊಡೆ ಬಿಚ್ಚಿ ಮಳೆಗೆ ಇಳಿಯುವಾಗ ಒಂದು ಟ್ಯೂನ್ ಇರಲಿ. ನಾಲ್ಕೈದು ಸ್ವರ ಸಾಕು. ಖುಷಿಯದ್ದಾಗಿರಲಿ. ಮೂಲೆಯಲ್ಲಿ ಕಾಯುವ ಹೊತ್ತಿಗೆ ಏನೂ ಹಾಕಬೇಡಿ, ಹೊರಗಿನ ಮಳೆ ಸಾಕು. ಮೊಮ್ಮಗಳು ಬಿಚ್ಚಿದಾಗ ಆ ಟ್ಯೂನಿನ ಮೊದಲ ಎರಡು ಸ್ವರ ಮಾತ್ರ ಕೊಟ್ಟು ನಿಲ್ಲಿಸಿ ನೋಡಿ. ಪಿಯಾನೊನೋ ಚೆಲ್ಲೊನೋ ಅನ್ನುವುದು ಆಮೇಲಿನ ಮಾತು. ಮೊದಲು ಒಂದು ನಿಜವಾದ ಹಳೇ ಕೊಡೆ ತಂದು, ಕೋಣೆಯ ಬಾಗಿಲು ಹಾಕಿ, ಅದು ಬಿಚ್ಚುವ ಸದ್ದನ್ನು ರೆಕಾರ್ಡ್ ಮಾಡಿ. ಹತ್ತು ಸಲ ಕೇಳಿ. ಅದು ಯಾವ ಸ್ವರದ ಹತ್ತಿರ ನಿಲ್ಲುತ್ತದೋ, ಟ್ಯೂನನ್ನು ಅಲ್ಲಿಂದ ಎತ್ತಿಕೊಳ್ಳಿ.